ಅಂಗಿಯ ಮೇಲಿನ ಗಂಡಭೇರುಂಡ

2025ರ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ಒಂದು ಚಿಕ್ಕ ಪ್ರಕಟಣೆ ಹೊರಡಿಸಿತು. ಇಂಡಿಯನ್ ಸೂಪರ್ ಲೀಗಿನ ಮುಂದಿನ ಗತಿ ಏನೆಂದು ತಿಳಿಯದ ಕಾರಣ ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ, ಏಪ್ರಿಲ್ 12ರಂದು, ಇದೇ ತಂಡ ಕೋಲ್ಕತ್ತದಲ್ಲಿ ಲೀಗಿನ ಫೈನಲ್ ಆಡಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 1–2ರಿಂದ ಸೋತಿತ್ತು. ತಂಡದ ಆಟ ಕೆಟ್ಟಿರಲಿಲ್ಲ. ಅಭಿಮಾನಿಗಳು ಕೈಬಿಟ್ಟಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗು ನಡೆಸುತ್ತಿದ್ದ ಕಂಪನಿಯ ನಡುವೆ 2010ರಲ್ಲಿ ಆಗಿದ್ದ 15 ವರ್ಷಗಳ ಕರಾರು ಆ ಡಿಸೆಂಬರಿಗೆ ಮುಗಿಯುವುದರಲ್ಲಿತ್ತು. ಅದು ಮುಂದುವರಿಯುತ್ತದೆ ಎಂಬ ಖಾತರಿ ಸಿಗದೆ ಕಂಪನಿ ಜುಲೈಯಲ್ಲೇ ಲೀಗಿನ ಸಿದ್ಧತೆ ನಿಲ್ಲಿಸಿತ್ತು. ಹನ್ನೆರಡು ವರ್ಷಗಳಲ್ಲಿ ಏಳು ದೊಡ್ಡ ಪ್ರಶಸ್ತಿ ಗೆದ್ದ, ದೇಶದಲ್ಲೇ ಅಚ್ಚುಕಟ್ಟಿಗೆ ಹೆಸರಾದ ಕ್ಲಬ್ಬೊಂದರ ಸಂಬಳ ನಿಲ್ಲುವುದಕ್ಕೆ ಅಷ್ಟು ಸಾಕಾಯಿತು.

ನಮ್ಮ ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಿಂದ ಬೆಂಗಳೂರಿಗೆ ಚಾರ್ಮಾಡಿ ಘಾಟಿ ಹತ್ತಿ ಹೋದರೆ ಸುಮಾರು 300 ಕಿಲೋಮೀಟರ್. ಇಷ್ಟು ದೂರದವರಿಗೆ ಆ ಕ್ಲಬ್ಬಿನ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಅದರ ಲಾಂಛನದಲ್ಲಿರುವುದು ಗಂಡಭೇರುಂಡ. ಮೈಸೂರು ಅರಸರಿಂದ ಬಂದು ಇಂದು ಕರ್ನಾಟಕ ಸರಕಾರದ ಮುದ್ರೆಯಲ್ಲಿರುವ ಹಕ್ಕಿ ಅದು. ಅದನ್ನು ಅಂಗಿಯ ಮೇಲೆ ಧರಿಸಿ ಮೈದಾನಕ್ಕೆ ಇಳಿಯುವವರು ಒಂದು ನಗರದ ಹೆಸರಿಟ್ಟುಕೊಂಡಿದ್ದರೂ ರಾಜ್ಯದ ಗುರುತನ್ನು ಹೊತ್ತಿದ್ದಾರೆ. ಹಾಗಾಗಿ ಆ ಕ್ಲಬ್ಬು ಉಳಿಯುವುದು ಹೇಗೆ, ಬೆಳೆಯುವುದು ಎತ್ತ ಎಂಬ ಮಾತಿನಲ್ಲಿ ಬೆಳ್ತಂಗಡಿ ತಾಲೂಕಿನ 81 ಗ್ರಾಮಗಳಿಗೂ ಪಾಲಿದೆ. ನನ್ನ ವಾದ ಇದು: ಮನಸ್ಸು ಮಾಡಿದ ಮಾಲೀಕರು ಒಳ್ಳೆಯ ತಂಡವನ್ನು ಒಂದೇ ವರ್ಷದಲ್ಲಿ ಕಟ್ಟಬಲ್ಲರು ಎಂಬುದನ್ನು ಬೆಂಗಳೂರು ಎಫ್‌ಸಿ ತೋರಿಸಿಕೊಟ್ಟಿದೆ. ಆದರೆ ತಂಡ ತಲೆಮಾರುಗಳ ಕಾಲ ಬಾಳಬೇಕಾದರೆ ಅದರ ಭಾರ ಹೊರಲು ಊರುಗಳು ಬೇಕು. ಆ ಕೆಲಸ ಬಾಕಿ ಇದೆ, ಮತ್ತು ಅದನ್ನು ಶುರು ಮಾಡಲು ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಬಹಳ ತಕ್ಕ ಜಾಗ.

ಬೆಂಗಳೂರಿನಲ್ಲಿ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. ಬ್ರಿಟಿಷ್ ಪಡೆಗಳ ತಂಡಗಳದ್ದೇ ಕಾರುಬಾರು ಎಂಬಂತಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಆಮೇಲೆ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರಾದರು. 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಅದೇ ಮಣ್ಣಿನಿಂದ ಹೋದವರು. ದಂಡು ಪ್ರದೇಶದ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಇಕ್ಕಟ್ಟಿನ ಬೀದಿಗಳಲ್ಲಿ ಚೆಂಡು ಒದ್ದು ಬೆಳೆದ ಹುಡುಗರು ದೇಶದ ದೊಡ್ಡ ತಂಡಗಳಿಗೆ ಆಡಿದರು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು, ಕೊನೆಯದು 1968–69ರ ಸಾಲಿನಲ್ಲಿ.

ಆಮೇಲಿನ ಕಾಲದಲ್ಲಿ ಈ ಆಟವನ್ನು ಸಾಕಿದ್ದು ಕಾರ್ಖಾನೆಗಳು. ಎಚ್‌ಎಎಲ್, ಐಟಿಐಯಂಥ ಸರಕಾರಿ ಉದ್ದಿಮೆಗಳಿಗೆ ತಮ್ಮದೇ ತಂಡಗಳಿದ್ದವು. ಆಟಗಾರನಿಗೆ ಅಲ್ಲಿ ನೌಕರಿ, ಕಾಲು ಉಳುಕಿದರೆ ಆಸ್ಪತ್ರೆ, ಬೂಟು ಕಳಚಿದ ಮೇಲೆ ಪಿಂಚಣಿ. ದೊಡ್ಡ ಹಣವಿರಲಿಲ್ಲ. ಆದರೆ ಆಡುವುದನ್ನು ನಿಲ್ಲಿಸಿದ ಮರುದಿನ ಮನೆಯಲ್ಲಿ ಒಲೆ ಉರಿಯುತ್ತದೋ ಇಲ್ಲವೋ ಎಂಬ ಭಯವೂ ಇರಲಿಲ್ಲ. ಅದನ್ನು ನಾವು ಹಗುರವಾಗಿ ಮರೆತೆವು ಎಂದು ನನಗೆ ಅನ್ನಿಸುತ್ತದೆ. ಕ್ರೀಡಾ ಕೋಟಾದ ನೇಮಕಾತಿಗಳು ಬತ್ತುತ್ತಾ ಬಂದ ಹಾಗೆ ತಂಡಗಳೂ ಸೊರಗಿದವು. ರಾಷ್ಟ್ರೀಯ ಲೀಗಿನಲ್ಲಿ ಕರ್ನಾಟಕದ ಪ್ರತಿನಿಧಿಯಾಗಿ ಉಳಿದಿದ್ದ ಎಚ್‌ಎಎಲ್ 2011–12ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು.

ಆ ಬರಿದಾದ ಜಾಗಕ್ಕೆ ಬಂದದ್ದು ಬೆಂಗಳೂರು ಎಫ್‌ಸಿ. ಐ-ಲೀಗಿಗೆ ನೇರವಾಗಿ ಬರುವಂತೆ ಫೆಡರೇಷನ್ ಕಂಪನಿಗಳನ್ನು ಕರೆದಾಗ, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ದೊಡ್ಡ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹ ಆ ಅವಕಾಶ ಪಡೆಯಿತು. 2013ರ ಜುಲೈ 20ರಂದು ಕ್ಲಬ್ಬು ಅಧಿಕೃತವಾಗಿ ಆರಂಭವಾಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರ, ಸುನಿಲ್ ಛೇತ್ರಿ ನಾಯಕ. ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ, ಎದುರಾಳಿ ನೂರು ವರ್ಷಕ್ಕೂ ಹಳೆಯ ಮೋಹನ್ ಬಾಗಾನ್. 1–1ರ ಸಮಬಲ. ಮುಂದಿನ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಮೊದಲ ವರ್ಷವೇ ಐ-ಲೀಗ್ ಚಾಂಪಿಯನ್ ಆಯಿತು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಡೆಂಪೊಗಳ ನಡುವೆ ಹುಟ್ಟಿ ವರ್ಷ ತುಂಬದ ತಂಡ!

ಇದು ಹಣದಿಂದ ಆದದ್ದು ಎಂದು ಹೇಳಿಬಿಡುವುದು ಸುಲಭ. ಹಣವಿದ್ದ ತಂಡಗಳು ಆಗಲೂ ಬೇರೆ ಇದ್ದವು. ಇಲ್ಲಿ ಕಂಡದ್ದು ವೃತ್ತಿಯ ಶಿಸ್ತು: ಆಟಗಾರರ ಊಟದ ಲೆಕ್ಕ, ದೇಹಬಲದ ತರಬೇತಿ, ಹೊತ್ತಿಗೆ ಸರಿಯಾದ ಸಂಬಳ, ಒಂದು ಋತು ಮುಗಿಯುವ ಮುನ್ನ ಮುಂದಿನದಕ್ಕೆ ಯೋಜನೆ. ಇನ್ನೂ ದೊಡ್ಡದು ಗ್ಯಾಲರಿಯಲ್ಲಿ ನಡೆಯಿತು. ಅಶೋಕನಗರದ ಆ ಕ್ರೀಡಾಂಗಣ ದೊಡ್ಡದಲ್ಲ, ಹಿಡಿಸುವುದು ಎಂಟು ಸಾವಿರ ಚಿಲ್ಲರೆ ಮಂದಿ. ಅದರ ಪಶ್ಚಿಮದ ಗ್ಯಾಲರಿಯಲ್ಲಿ ಕೆಲವು ಯುವಕ ಯುವತಿಯರು ನೀಲಿ ಅಂಗಿ ತೊಟ್ಟು, ತೊಂಬತ್ತು ನಿಮಿಷವೂ ನಿಂತೇ ಹಾಡುವ ರೂಢಿ ಹಾಕಿದರು. ಅವರೇ ವೆಸ್ಟ್ ಬ್ಲಾಕ್ ಬ್ಲೂಸ್. ಗೆದ್ದರೂ ಸೋತರೂ ಆಟ ಮುಗಿದ ಮೇಲೆ ಆಟಗಾರರು ಅವರ ಮುಂದೆ ಬಂದು ಸಾಲಾಗಿ ನಿಲ್ಲುತ್ತಿದ್ದರು. ಎರಡೂ ಕಡೆಯವರು ಕೈ ಮೇಲೆತ್ತಿ, ನಿಧಾನಕ್ಕೆ ಆರಂಭಿಸಿ ವೇಗವಾಗುತ್ತಾ ಹೋಗುವ ಚಪ್ಪಾಳೆ ಹಾಕುತ್ತಿದ್ದರು. ಕಂಪನಿ ತಂಡವನ್ನು ಕಟ್ಟಿತು. ಅದನ್ನು ಕ್ಲಬ್ಬು ಮಾಡಿದವರು ಈ ಗ್ಯಾಲರಿಯವರು.

ಆ ಬಂಧ ಸೋಲಿನಲ್ಲೂ ಗಟ್ಟಿಯಾಯಿತು. 2014–15ರಲ್ಲಿ ತಂಡ ಕಂಠೀರವ ಕ್ರೀಡಾಂಗಣಕ್ಕೆ ಬಂತು. 2015ರ ಮೇ 31ರ ಮಳೆಯಲ್ಲಿ ಲೀಗಿನ ಕೊನೆಯ ಪಂದ್ಯ, ಮತ್ತೆ ಮೋಹನ್ ಬಾಗಾನ್. ಗೆದ್ದರೆ ಬೆಂಗಳೂರಿಗೆ ಪ್ರಶಸ್ತಿ, ಸಮಬಲವಾದರೆ ಕೋಲ್ಕತ್ತಕ್ಕೆ. ಜಾನ್ ಜಾನ್ಸನ್ ಹೊಡೆದ ಗೋಲಿನ ಮುನ್ನಡೆ 87ನೇ ನಿಮಿಷದವರೆಗೆ ಉಳಿದಿತ್ತು. ಆಗ ಬೆಲ್ಲೊ ರಜಾಕ್ ತಲೆ ಕೊಟ್ಟು ಚೆಂಡನ್ನು ಬಲೆಗೆ ಸೇರಿಸಿದರು. ಮುಂದಿನ ವರ್ಷ ತಂಡ ಆ ಪ್ರಶಸ್ತಿಯನ್ನು ಮರಳಿ ತಂದಿತು.

ಆದರೂ ಈ ಕ್ಲಬ್ಬಿನ ಚರಿತ್ರೆಯಲ್ಲಿ ಒಂದೇ ರಾತ್ರಿಯನ್ನು ಆರಿಸಿ ಎಂದರೆ ನಾನು 2016ರ ಅಕ್ಟೋಬರ್ 19ನ್ನು ಆರಿಸುತ್ತೇನೆ. ಎಎಫ್‌ಸಿ ಕಪ್ ಸೆಮಿಫೈನಲಿನ ಎರಡನೇ ಚರಣ, ಕಂಠೀರವದಲ್ಲಿ. ಎದುರಾಳಿ ಮಲೇಷ್ಯದ ಜೊಹೊರ್ ದಾರುಲ್ ತಾಝಿಂ, ಹಿಂದಿನ ವರ್ಷ ಅದೇ ಕಪ್ ಗೆದ್ದ ತಂಡ. ಅಲ್ಲಿ ನಡೆದ ಮೊದಲ ಪಂದ್ಯ 1–1. ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಜೊಹೊರ್ ಗೋಲು ಹೊಡೆಯಿತು. ಅರ್ಧ ವಿರಾಮಕ್ಕೆ ಸ್ವಲ್ಪ ಮುಂಚೆ ಛೇತ್ರಿ ತಲೆಯಿಂದ ಸಮ ಮಾಡಿದರು. ಅರುವತ್ತೇಳನೇ ನಿಮಿಷದಲ್ಲಿ ಅವರೇ ಪೆಟ್ಟಿಗೆಯ ಹೊರಗಿನಿಂದ ಬೀಸಿ ಒದ್ದ ಚೆಂಡು ಗೋಲಿಯ ಕೈಗೆ ಸಿಗದೆ ಒಳಗೆ ಹೋಯಿತು. ಆಮೇಲೆ ಸ್ಪೇನಿನ ಹುವಾನನ್ ಮೂರನೆಯದನ್ನು ಸೇರಿಸಿದರು. ಆವರೆಗೆ ಯಾವ ಭಾರತೀಯ ಕ್ಲಬ್ಬೂ ಎಎಫ್‌ಸಿ ಕಪ್ಪಿನ ಫೈನಲ್ ಕಂಡಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಸೇನೆಯ ತಂಡದ ಎದುರು 0–1ರಿಂದ ಸೋತರೂ, ಮೂರು ವರ್ಷದ ಒಂದು ಕ್ಲಬ್ಬು ಏಷ್ಯದ ಎರಡನೇ ದರ್ಜೆಯ ಕೂಟದ ಕೊನೆಯ ಮೆಟ್ಟಿಲವರೆಗೆ ಹೋಗಿತ್ತು.

ಉಳಿದ ಗೆಲುವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ: 2015 ಮತ್ತು 2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಹೊಡೆದ ಗೋಲಿನಿಂದ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡ್ಯುರಾಂಡ್ ಕಪ್.

ಇಷ್ಟೆಲ್ಲ ಗೆದ್ದ ಕ್ಲಬ್ಬಿಗೆ ಸ್ವಂತ ಕ್ರೀಡಾಂಗಣವಿಲ್ಲ. ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಸರಕಾರಿ ಕ್ರೀಡಾಂಗಣ. ಅಲ್ಲಿ ಓಡುವ, ಎಸೆಯುವ, ಜಿಗಿಯುವ ಮಕ್ಕಳಿಗೂ ಅದೇ ಜಾಗ ಬೇಕು. ಫುಟ್‌ಬಾಲಿನಿಂದಾಗಿ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ ಎಂದು ಅಥ್ಲೆಟಿಕ್ಸ್‌ನವರು ಎತ್ತಿದ ದೂರು ಹೈಕೋರ್ಟಿನವರೆಗೂ ಹೋಯಿತು. ಆ ದೂರಿನಲ್ಲಿ ನ್ಯಾಯವಿತ್ತು. ಕೋಟಿಗಟ್ಟಲೆ ಜನರಿರುವ ನಗರದಲ್ಲಿ ಎರಡು ಆಟಗಳನ್ನು ಒಂದೇ ಅಂಗಳದಲ್ಲಿ ಜಗಳಕ್ಕೆ ಬಿಟ್ಟದ್ದು ಸರಕಾರದ ಕೊರತೆ. ಸ್ವಂತ ಅಂಗಳವಿಲ್ಲದ, ಒಂದೇ ಕಂಪನಿಯ ಖರ್ಚಿನಲ್ಲಿ ನಡೆಯುವ, ಬೇರೆಯವರು ನಡೆಸುವ ಲೀಗಿನಲ್ಲಿ ಆಡುವ ಕ್ಲಬ್ಬು ಎಷ್ಟು ಚೆನ್ನಾಗಿ ಆಡಿದರೂ ಅದರ ನಾಳೆ ಅದರ ಕೈಯಲ್ಲಿಲ್ಲ.

ಇದು ಭಯ ಹುಟ್ಟಿಸಲು ಹೇಳುವ ಮಾತಲ್ಲ. ಮುಂಬೈಯ ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ರಾಷ್ಟ್ರೀಯ ಲೀಗನ್ನು ಮೊಟ್ಟಮೊದಲು ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿತು. ಪುಣೆಯಲ್ಲಿ ಒಂದರ ಹಿಂದೆ ಒಂದರಂತೆ ಕ್ಲಬ್ಬುಗಳು ಹುಟ್ಟಿ ಮುಚ್ಚಿದವು. ಬೆಂಗಳೂರಲ್ಲೇ 2015ರಲ್ಲಿ ಹುಟ್ಟಿದ ಓಝೋನ್ ಎಫ್‌ಸಿ ಕೆಲವೇ ವರ್ಷ ಬಾಳಿತು. ಇವುಗಳಲ್ಲಿ ಯಾವುದೂ ಆಟ ಬಾರದೆ ಮುಚ್ಚಿದ್ದಲ್ಲ. ಹಣ ಹಾಕುವ ಒಂದೇ ಕೈ ಹಿಂದೆ ಸರಿದಾಗ ಹಿಡಿದು ನಿಲ್ಲಿಸಲು ಎರಡನೇ ಕೈ ಇರಲಿಲ್ಲ.

ನಮ್ಮ ಕಡೆಯವರಿಗೆ ಈ ಕತೆ ಹೊಸದಲ್ಲ, ಏಕೆಂದರೆ ಯಕ್ಷಗಾನದ ಮೇಳಗಳಲ್ಲಿ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ. ಡೇರೆ ಮೇಳಗಳ ಭರಾಟೆಯ ಕಾಲವನ್ನು ನೆನಪಿಸಿಕೊಳ್ಳಿ. ಸುರತ್ಕಲ್ ಮೇಳದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು, ಕಲ್ಲಾಡಿ ಮನೆತನದವರ ಕರ್ನಾಟಕ ಮೇಳದಲ್ಲಿ ನಮ್ಮ ತಾಲೂಕಿನ ಅರುವದ ಕೊರಗಪ್ಪ ಶೆಟ್ಟರು. ಟಿಕೇಟು ಕೊಂಡು ಒಳಹೋಗುವ ಆಟ, ಝಗಮಗಿಸುವ ರಂಗಸ್ಥಳ, ಸಂಬಳಕ್ಕೆ ದುಡಿಯುವ ಪೂರ್ಣಾವಧಿಯ ಕಲಾವಿದರು. ಅಂದರೆ ಎಲ್ಲ ಅರ್ಥದಲ್ಲೂ ವೃತ್ತಿಪರ ತಂಡಗಳು, ಅವುಗಳಿಗೆ ತಾರೆಗಳಿದ್ದರು, ಅಭಿಮಾನಿಗಳಿದ್ದರು, ಮೇಳದಿಂದ ಮೇಳಕ್ಕೆ ಕಲಾವಿದರ ಜಿಗಿತವೂ ಇತ್ತು. ಸಿನಿಮಾ, ಟೀವಿ ಬಂದು ಡೇರೆಯ ಕಲೆಕ್ಷನ್ ಬಿದ್ದಾಗ ಯಜಮಾನ ಎಷ್ಟು ವರ್ಷ ಕೈಯಿಂದ ಹಾಕಿಯಾನು? ಸುರತ್ಕಲ್ ಮೇಳ ನಿಂತಿತು, ಕರ್ನಾಟಕ ಮೇಳ ನಿಂತಿತು. ಅದೇ ಕಾಲದಲ್ಲಿ ಬಯಲಾಟದ ಮೇಳಗಳು ಏನಾದವು? ಕಟೀಲು ದೇವಸ್ಥಾನಕ್ಕೆ ಆರು ಮೇಳಗಳಾದ ಮೇಲೂ ಹರಕೆಯ ಆಟ ಆಡಿಸಲು ವರ್ಷಗಟ್ಟಲೆ ಕಾಯಬೇಕಾಯಿತು. ಡೇರೆ ಮೇಳವಾಗಿದ್ದ ಧರ್ಮಸ್ಥಳ ಮೇಳವೂ ಬಯಲಾಟಕ್ಕೆ ಮರಳಿತು. ಡೇರೆ ಮೇಳದವರಿಗಿಂತ ಇವರ ಕಲೆ ದೊಡ್ಡದು ಎಂದಲ್ಲ. ಇಲ್ಲಿ ಪ್ರತಿ ರಾತ್ರಿಯ ಖರ್ಚು ಒಂದೊಂದು ಮನೆಯದು, ಹತ್ತು ಮನೆಗಳದ್ದು, ಇಲ್ಲವೇ ಊರಿನದ್ದು. ಈ ವರ್ಷ ಒಬ್ಬರಿಗೆ ಕಷ್ಟವಾದರೆ ಆ ರಾತ್ರಿಗೆ ಇನ್ನೊಬ್ಬರಿದ್ದಾರೆ.

ಫುಟ್‌ಬಾಲಿಗೆ ಹರಕೆ ಹೊರುವವರಿಲ್ಲ, ಅದು ನನಗೆ ತಿಳಿದಿದೆ. ಭಕ್ತಿಯ ಜಾಗದಲ್ಲಿ ಇಲ್ಲಿ ಬೇರೊಂದು ನಂಟು ಬೇಕು: ನಮ್ಮ ಶಾಲೆಯ ಹುಡುಗ, ನಮ್ಮ ಗ್ರಾಮದ ತಂಡ, ನಮ್ಮ ತಾಲೂಕಿನ ಮೈದಾನ. ಆ ನಂಟು ಮೇಲಿನಿಂದ ಬರುವುದಿಲ್ಲ. ಕರ್ನಾಟಕದಲ್ಲಿ ಹೆಸರು ಮಾಡಿದ ವೃತ್ತಿಪರ ಕ್ಲಬ್ಬುಗಳನ್ನು ನೋಡಿ: ಬೆಂಗಳೂರು ಎಫ್‌ಸಿ, ಎಫ್‌ಸಿ ಬೆಂಗಳೂರು ಯುನೈಟೆಡ್, ಕಿಕ್‌ಸ್ಟಾರ್ಟ್, 2024ರಲ್ಲಿ ಐ-ಲೀಗಿಗೆ ಏರಿ ಮರುವರ್ಷವೇ ಕೆಳಗಿಳಿದ ಎಸ್‌ಸಿ ಬೆಂಗಳೂರು. ಎಲ್ಲವೂ ಒಂದೇ ನಗರದವು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಆ ಸಂತೋಷ ನಮ್ಮ ತಾಲೂಕಿನ ಶಾಲೆಗಳಿಗೆ ತಲುಪಿದ್ದು ಪತ್ರಿಕೆಯ ಕ್ರೀಡಾಪುಟದ ಮೂಲಕ ಮಾತ್ರ.

ಶಾಲೆಗಳ ಮಾತು ಬಂದಿದ್ದರಿಂದ ಸ್ವಲ್ಪ ಹತ್ತಿರ ಹೋಗಿ ನೋಡೋಣ. ನಮ್ಮ ಕಡೆಯ ಒಂದು ಸಾಮಾನ್ಯ ಶಾಲಾ ಮೈದಾನವೆಂದರೆ ಗುಡ್ಡೆಯ ಒಂದು ಬದಿ ಕಡಿದು ಮಾಡಿದ ಸಮತಟ್ಟು. ಒಂದು ಕಡೆ ಬರೆ, ಇನ್ನೊಂದು ಕಡೆ ಅಡಿಕೆ ತೋಟಕ್ಕೆ ಇಳಿಯುವ ತಗ್ಗು. ನೆಲ ಮುರಕಲ್ಲಿನದು, ಬೇಸಗೆಯಲ್ಲಿ ಬಿದ್ದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ವಾಲಿಬಾಲಿಗೆ, ಕಬಡ್ಡಿಗೆ, ತ್ರೋಬಾಲಿಗೆ ಅಷ್ಟು ಜಾಗ ಸಾಕು. ಫುಟ್‌ಬಾಲ್ ಎಂದರೆ ಚೆಂಡು ನಾಲ್ಕು ಸಲ ತೋಟಕ್ಕೆ ಬೀಳುತ್ತದೆ, ಐದನೇ ಸಲಕ್ಕೆ ಆಟ ನಿಲ್ಲುತ್ತದೆ. ಪಿ.ಟಿ. ಮಾಸ್ಟ್ರು ಇದ್ದರೆ ಅದೃಷ್ಟ. ಇದ್ದವರಿಗೂ ಇಲಾಖೆಯ ಕ್ರೀಡಾಕೂಟದಲ್ಲಿ ಗೆಲ್ಲಬಹುದಾದ ಆಟವನ್ನೇ ಕಲಿಸುವ ಒತ್ತಡ. ಇಷ್ಟಾದರೂ ಜೂನ್ ತಿಂಗಳಲ್ಲಿ ಮಳೆ ಹಿಡಿದು, ಆ ಮುರಕಲ್ಲು ನೆಲದ ಮೇಲೆ ಕೆಂಪು ನೀರು ನಿಂತಾಗ, ಬಿಡುವಿನ ಹೊತ್ತಿನಲ್ಲಿ ಮಕ್ಕಳು ಒದೆಯುವುದು ಚೆಂಡನ್ನೇ. ಎರಡು ಜೋಡಿ ಚಪ್ಪಲಿ ಇಟ್ಟರೆ ಗೋಲ್‌ಪೋಸ್ಟು. ಆ ಆಸೆ ಅಲ್ಲಿಯೇ ಇದೆ. ಅದಕ್ಕೆ ಮುಂದಿನ ಮೆಟ್ಟಿಲು ಮಾತ್ರ ಇಲ್ಲ.

ಮೆಟ್ಟಿಲಿದ್ದ ಆಟಗಳಲ್ಲಿ ಈ ಸೀಮೆ ಏನು ಮಾಡಿದೆ ಎಂಬುದು ಕಣ್ಣ ಮುಂದಿದೆ. ಉಜಿರೆಯ ಎಸ್‌ಡಿಎಂ ಕಾಲೇಜು ವಾಲಿಬಾಲಿಗೆ ಹೆಸರಾಯಿತು. ಮೂಡುಬಿದಿರೆಯಲ್ಲಿ ಮೋಹನ ಆಳ್ವರ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಬೆಳೆಸಿತು. ಅಲ್ಲಿನ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟಗಳು ನಡೆದವು. ಕಾರ್ಕಳದ ಹೆರ್ಮುಂಡೆಯಿಂದ ಹೊರಟ ಮಮತಾ ಪೂಜಾರಿ ಕಬಡ್ಡಿಯಲ್ಲಿ ಭಾರತದ ನಾಯಕಿಯಾದರು. ಇವರಾರಿಗೂ ಬೆಂಗಳೂರಿನಲ್ಲಿ ಹುಟ್ಟುವ ಅಗತ್ಯ ಬೀಳಲಿಲ್ಲ. ಊರಿನ ಹತ್ತಿರ ಒಂದು ಅಂಗಳ, ಒಬ್ಬ ಗುರು, ಒಂದು ಹಾಸ್ಟೆಲು ಇತ್ತು.

ಚಿಕ್ಕ ಊರುಗಳಿಂದ ವೃತ್ತಿಪರ ಫುಟ್‌ಬಾಲ್ ಕಟ್ಟಲು ಆಗದು ಎನ್ನುವವರು ಮಿಜೋರಂ ಕಡೆ ನೋಡಬೇಕು. 2011ರ ಜನಗಣತಿಯಲ್ಲಿ ಇಡೀ ಮಿಜೋರಂ ರಾಜ್ಯದ ಜನಸಂಖ್ಯೆ ಸುಮಾರು 11 ಲಕ್ಷ. ದಕ್ಷಿಣ ಕನ್ನಡ ಜಿಲ್ಲೆಯದ್ದು ಸುಮಾರು 21 ಲಕ್ಷ. ಅವರು 2012ರಲ್ಲಿ ಮಿಜೋರಂ ಪ್ರೀಮಿಯರ್ ಲೀಗ್ ಆರಂಭಿಸಿದರು. ಪಂದ್ಯಗಳನ್ನು ಮನೆಮನೆಗೆ ತೋರಿಸಿದ್ದು ಅಲ್ಲಿನದೇ ಒಂದು ಕೇಬಲ್ ಟೀವಿ. ಐದು ವರ್ಷ ಕಳೆಯುವಷ್ಟರಲ್ಲಿ, 2017ರ ಏಪ್ರಿಲ್ 30ರಂದು, ಐಜ್ವಾಲ್ ಎಫ್‌ಸಿ ಮೋಹನ್ ಬಾಗಾನ್ ಅನ್ನೂ ಬೆಂಗಳೂರು ಎಫ್‌ಸಿಯನ್ನೂ ಹಿಂದೆ ಹಾಕಿ ಐ-ಲೀಗ್ ಗೆದ್ದಿತು. ಆಮೇಲೆ ಐಜ್ವಾಲ್‌ನ ಆಟಗಾರರನ್ನು ದೊಡ್ಡ ಕ್ಲಬ್ಬುಗಳು ಸೆಳೆದುಕೊಂಡವು, ಆ ಎತ್ತರ ಮತ್ತೆ ಸಿಗಲಿಲ್ಲ, ನಿಜ. ಆದರೆ ಅಲ್ಲಿ ಹುಡುಗರು ಬರುವುದು ನಿಲ್ಲಲಿಲ್ಲ. ಪಕ್ಕದ ಕೇರಳ 2024ರಲ್ಲಿ ಆರು ತಂಡಗಳ ಸೂಪರ್ ಲೀಗ್ ಕೇರಳ ಆರಂಭಿಸಿತು. ಅದರಲ್ಲಿ ಮಲಪ್ಪುರಕ್ಕೊಂದು ತಂಡ, ಕಣ್ಣೂರಿಗೊಂದು, ಕೋಝಿಕ್ಕೋಡಿಗೊಂದು. ಮಂಗಳೂರಿನಿಂದ ರೈಲಿನಲ್ಲಿ ಕಣ್ಣೂರು ಎಷ್ಟು ಹೊತ್ತಿನ ದಾರಿ?

ನಮ್ಮ ಊರುಗಳಿಗೆ ಇದು ಒಗ್ಗದು ಎಂಬ ಆಕ್ಷೇಪಗಳನ್ನು ನಾನು ಕೇಳಿದ್ದೇನೆ, ಅವುಗಳಿಗೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ. ಮೊದಲನೆಯದು ಮಳೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಸುರಿಯುವ ಜಾಗದಲ್ಲಿ ಯಾವ ಲೀಗು? ನನಗೆ ಇದು ತದ್ವಿರುದ್ಧವಾಗಿ ಕಾಣುತ್ತದೆ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳು ನಿಲ್ಲುತ್ತವೆ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಗಳಿಲ್ಲ, ಅಂಡರ್ ಆರ್ಮ್ ಕ್ರಿಕೆಟ್ ಇಲ್ಲ, ಕಂಬಳ ಶುರುವಾಗಲು ನವೆಂಬರ್ ಬರಬೇಕು. ಮೇ ಕೊನೆಯಿಂದ ದೀಪಾವಳಿಯವರೆಗೆ ತುಳುನಾಡಿನ ಆಟ-ಕೂಟಗಳ ಕ್ಯಾಲೆಂಡರು ಹೆಚ್ಚುಕಡಿಮೆ ಖಾಲಿ. ಆ ಖಾಲಿ ತಿಂಗಳುಗಳು ಫುಟ್‌ಬಾಲಿಗೆ ಹೇಳಿಮಾಡಿಸಿದವು: ಕಲ್ಲಿನ ನೆಲ ಮೆತ್ತಗಾಗುವುದು ಆಗಲೇ, ‘ಕೆಸರ್ಡ್ ಒಂಜಿ ದಿನ’ ಎಂದು ಊರಿಗೆ ಊರೇ ಗದ್ದೆಗಿಳಿಯುವುದೂ ಆಗಲೇ.

ಎರಡನೆಯದು ಹಣ. ತಾಲೂಕು ಮಟ್ಟದ ಲೀಗಿಗೆ ಕೋಟಿ ಬೇಡ. ಚೆಂಡು, ಬಲೆ, ಗೆರೆ ಎಳೆಯಲು ಸುಣ್ಣ, ರೆಫ್ರಿಗಳ ಸಂಭಾವನೆ, ಹುಡುಗರ ಬಸ್ಸಿನ ಖರ್ಚು, ಒಂದು ಹೊತ್ತಿನ ಊಟ. ಒಂದು ರಾತ್ರಿಯ ಪಂದ್ಯಾಟಕ್ಕೆ ಪೆಂಡಾಲು, ದೀಪ, ಧ್ವನಿವರ್ಧಕ, ಟ್ರೋಫಿ, ಸನ್ಮಾನಗಳಿಗೆ ನಮ್ಮ ಯುವಕ ಮಂಡಲಗಳು, ಫ್ರೆಂಡ್ಸ್ ಕ್ಲಬ್ಬುಗಳು ಸಂಗ್ರಹಿಸುವ ಹಣವನ್ನು ಬಲ್ಲವರಿಗೆ ಇದು ಅಸಾಧ್ಯವೆನಿಸದು. ವ್ಯತ್ಯಾಸ ಇಷ್ಟೇ: ಪಂದ್ಯಾಟ ಒಂದು ರಾತ್ರಿಯದು, ಸೋತ ತಂಡ ಅಲ್ಲಿಗೆ ಮನೆಗೆ. ಲೀಗು ಹತ್ತು ವಾರದ್ದು, ಸೋತ ತಂಡಕ್ಕೂ ಮುಂದಿನ ಭಾನುವಾರ ಇನ್ನೊಂದು ಆಟವಿದೆ. ಆಟಗಾರ ತಯಾರಾಗುವುದು ಆ ಮುಂದಿನ ಭಾನುವಾರದಲ್ಲಿ.

ಮೂರನೆಯದು ಸ್ವಲ್ಪ ಗಂಭೀರ. ಕಬಡ್ಡಿ, ವಾಲಿಬಾಲ್, ಕಂಬಳಗಳ ನಾಡಿಗೆ ಪರದೇಶದ ಆಟ ತಂದು ಇರುವುದನ್ನು ಹಾಳು ಮಾಡುತ್ತೀರಾ ಎಂಬುದು. ವಾಲಿಬಾಲ್ ಕೂಡ ಅಮೆರಿಕದಿಂದ ಬಂದು ಇಲ್ಲಿಯದಾಯಿತು. ಕಂಠೀರವದಲ್ಲಿ ಆದಂತೆ ಒಂದು ಆಟದ ಅಂಗಳವನ್ನು ಇನ್ನೊಂದು ಕಸಿಯಬಾರದು ಎಂಬ ಎಚ್ಚರ ಮಾತ್ರ ಬೇಕೇ ಬೇಕು. ಅದಕ್ಕಾಗಿಯೇ ಮಳೆಗಾಲದ ಲೀಗು ಎಂದೆ.

ಇನ್ನು ಮಾಲೀಕತ್ವದ ಪ್ರಶ್ನೆ. ಜರ್ಮನಿಯಲ್ಲಿ 1998ರಿಂದ ಒಂದು ನಿಯಮವಿದೆ: ಕ್ಲಬ್ಬಿನ ಮತದಾನದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕು, ಹಣ ಹಾಕುವವರು ಬರಬಹುದು, ಆದರೆ ಕ್ಲಬ್ಬು ಅವರ ಸ್ವಂತ ಆಸ್ತಿಯಾಗದು. ಇದು ನಮಗೆ ಅಪರಿಚಿತ ವಿಚಾರವಲ್ಲ. 1928ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆ ಕೂಡಿಹಾಕುವ ಪಿಗ್ಮಿ ಠೇವಣಿಯಿಂದ ಬ್ಯಾಂಕು ಬೆಳೆಸಿದ ಸೀಮೆ ಇದು. ಅಡಿಕೆಯ ಬೆಲೆ ಕುಸಿದು ಬೆಳೆಗಾರ ತತ್ತರಿಸಿದ್ದಾಗ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕಟ್ಟಿದ ಜನ ನಾವು. ಸಾವಿರಾರು ಮಂದಿ ಸಣ್ಣ ಸಣ್ಣ ಪಾಲು ಹಾಕಿ, ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಅಭ್ಯಾಸ ಇಲ್ಲಿನ ಹಾಲಿನ ಸೊಸೈಟಿಗಳಲ್ಲೂ ಇದೆ. ಬೆಂಗಳೂರು ಎಫ್‌ಸಿಯನ್ನು ನಾಳೆಯೇ ಸದಸ್ಯರಿಗೆ ಬಿಟ್ಟುಕೊಡಿ ಎಂದು ಜೆಎಸ್‌ಡಬ್ಲ್ಯುವನ್ನು ಕೇಳುವುದು ನ್ಯಾಯವಲ್ಲ. ಹನ್ನೆರಡು ವರ್ಷ ಅವರು ಹಾಕಿದ ಹಣ, ತೋರಿದ ಶ್ರದ್ಧೆ ದೊಡ್ಡದು. ಆದರೆ ಸಣ್ಣದೊಂದು ಪಾಲನ್ನು ಅಭಿಮಾನಿ ಸದಸ್ಯರಿಗೆ ತೆರೆದು, ಆಡಳಿತದಲ್ಲಿ ಅವರಿಗೊಂದು ಕುರ್ಚಿ ಕೊಟ್ಟರೆ, ಲೀಗು ನಿಂತು ಪ್ರಕಟಣೆ ಬರೆಯಬೇಕಾದ ದಿನ ಆ ನಿರ್ಧಾರದಲ್ಲಿ ಗ್ಯಾಲರಿಯವರಿಗೂ ಮಾತಿರುತ್ತದೆ. ಜಿಲ್ಲೆಗಳಲ್ಲಿ ಹೊಸದಾಗಿ ಹುಟ್ಟುವ ತಂಡಗಳು ಮೊದಲ ದಿನದಿಂದಲೇ ಸದಸ್ಯರ ತಂಡಗಳಾಗಿ ಹುಟ್ಟಲಿ.

ಕ್ಲಬ್ಬಿಗೆ ಇದರಿಂದ ಏನು ಲಾಭ ಎಂದು ಕೇಳಿದರೆ, ಆಟಗಾರರು ಎಂಬುದು ನೇರ ಉತ್ತರ. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು ಬೆಂಗಳೂರಿಗೆ 1–0ರ ಗೆಲುವು ತಂದದ್ದು ಕ್ಲಬ್ಬಿನ ಯುವ ತಂಡಗಳಲ್ಲೇ ಬೆಳೆದ ವಿನಿತ್ ವೆಂಕಟೇಶ್ ಹೊಡೆದ ಗೋಲು. ಹೊರಗಿನಿಂದ ತರುವ ಒಬ್ಬ ವಿದೇಶಿ ಆಟಗಾರನ ಖರ್ಚಿನಲ್ಲಿ ಇಂಥ ಎಷ್ಟು ಹುಡುಗರನ್ನು ಸಾಕಬಹುದು! ಬಳ್ಳಾರಿ ಕಡೆ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು ಕಟ್ಟಿದ ಕ್ರೀಡಾ ಸಂಸ್ಥೆಯಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿಯೂ ಇದೆ. ಅಲ್ಲಿ ಹಾಸಿಗೆ ಇದೆ, ಅನ್ನವಿದೆ, ಗುರುಗಳಿದ್ದಾರೆ. ಅಲ್ಲಿಗೆ ಹೋಗಬೇಕಾದ ಹನ್ನೆರಡು ವರ್ಷದ ಹುಡುಗ ಕೊಯ್ಯೂರಿನಲ್ಲೋ ನೆರಿಯದಲ್ಲೋ ಇದ್ದರೆ, ಅವನನ್ನು ನೋಡಲು ಆಯ್ಕೆಗಾರನೊಬ್ಬ ಬರುವುದಕ್ಕೆ ಇಲ್ಲೊಂದು ಲೀಗು ನಡೆಯುತ್ತಿರಬೇಕು.

ಹಾಗಾಗಿ ಕೆಲಸ ಮೂರು ಕಡೆ ಹಂಚಿಹೋಗಿದೆ. ಸರಕಾರದಿಂದ ಬೇಕಾದದ್ದು ತಾಲೂಕಿಗೆ ಒಂದಾದರೂ ಪೂರ್ಣ ಅಳತೆಯ, ನೀರು ಇಳಿದುಹೋಗುವ ಹುಲ್ಲಿನ ಅಂಗಳ. ಹೊಸ ಕ್ರೀಡಾಂಗಣದ ಶಿಲಾನ್ಯಾಸಕ್ಕಿಂತ ಇರುವ ಮೈದಾನಕ್ಕೆ ಚರಂಡಿ ಮಾಡುವುದು ಅಗ್ಗ. ಕ್ಲಬ್ಬಿನಿಂದ ಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಲ್ಲೆಗೊಬ್ಬ ತರಬೇತುದಾರ, ಪಿ.ಟಿ. ಮಾಸ್ಟ್ರುಗಳಿಗೆ ತರಬೇತಿ, ಮತ್ತು ವರ್ಷಕ್ಕೊಂದಾದರೂ ಸ್ನೇಹಪಂದ್ಯವನ್ನು ಮಂಗಳೂರಿನ ನೆಹರೂ ಮೈದಾನಕ್ಕೆ ತರುವುದು. ಮೂರನೆಯ ಪಾಲು ನಮ್ಮದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಲಾಯಿಲ, ಉಜಿರೆ, ಗುರುವಾಯನಕೆರೆ, ವೇಣೂರು, ಅಳದಂಗಡಿ, ಮಡಂತ್ಯಾರು, ಕಕ್ಕಿಂಜೆ, ಧರ್ಮಸ್ಥಳ ಎಂದು ಎಂಟು ತಂಡಗಳಾದರೆ ಒಂದು ಮಳೆಗಾಲದ ಲೀಗಿಗೆ ಸಾಕು. ಸಂಬಳ ತಡೆಹಿಡಿದ ಆ ಪ್ರಕಟಣೆಯಲ್ಲೇ ಕ್ಲಬ್ಬು ಇನ್ನೊಂದು ಮಾತನ್ನೂ ಹೇಳಿತ್ತು: ಹುಡುಗರ ಮತ್ತು ಹುಡುಗಿಯರ ಯುವ ತಂಡಗಳಿಗೆ, ಮಕ್ಕಳ ತರಬೇತಿ ಶಾಲೆಗಳಿಗೆ ಇದರಿಂದ ತೊಂದರೆಯಾಗದು ಎಂದು. ಅಷ್ಟು ಕಷ್ಟದಲ್ಲೂ ಹೇಳಿದ ಆ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಅದನ್ನು ಹಿಡಿದುಕೊಂಡು ತರಬೇತುದಾರನನ್ನು ಕಳಿಸಿ ಎಂದು ಕೇಳಲು ಹೋಗುವಾಗ ನಮ್ಮ ಕೈಯಲ್ಲಿ ಎಂಟು ತಂಡಗಳ ಪಟ್ಟಿ, ಹತ್ತು ಭಾನುವಾರಗಳ ವೇಳಾಪಟ್ಟಿ, ಮೈದಾನದ ಒಪ್ಪಿಗೆ ಪತ್ರ ಇರಬೇಕು.